ಖಾಲಿ ಕೋಣೆಗಳು ಕಲಿಸಿದ ಅರ್ಥಶಾಸ್ತ್ರ

ಪ್ರವಾಸೋದ್ಯಮವನ್ನು ಕಲಿಯಲು ಪರದೇಶಕ್ಕೆ ಹೋಗುವ ರೂಢಿಯ ಬೇರು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿದೆ. 1863ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನಿಂದ ತನ್ನ ಮೊದಲ ಸ್ವಿಸ್ ಪ್ರವಾಸಿ ತಂಡವನ್ನು ಕರೆತಂದ. ಮುಂದಿನ ಮೂರು ದಶಕಗಳಲ್ಲಿ ರೈಲು ಹಳಿಗಳು ಕಣಿವೆ ಏರಿದಲ್ಲೆಲ್ಲ ಹೋಟೆಲುಗಳೂ ಎದ್ದವು. 1882ರಲ್ಲಿ ಹೋಟೆಲು ಮಾಲೀಕರು ತಮ್ಮದೇ ಸಂಘ ಕಟ್ಟಿಕೊಂಡರು. ಕಟ್ಟಡಗಳೇನೋ ಬೇಗ ಎದ್ದವು. ಕೆಲಸ ಬಲ್ಲ ಕೈಗಳು ಅಷ್ಟು ಬೇಗ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಮಾತಾಡುವ ಅತಿಥಿ ಒಂದು ಮೇಜಿನಲ್ಲಿ, ಫ್ರೆಂಚ್ ಮಾತಾಡುವವರು ಇನ್ನೊಂದರಲ್ಲಿ, ಜರ್ಮನ್ನರು ಮತ್ತೊಂದರಲ್ಲಿ. ಊಟ ಬಡಿಸುವ ಮಾಣಿಗೆ ಮೂರು ಭಾಷೆ ಬೇಕು, ಲೆಕ್ಕ ಬರೆಯುವವನಿಗೆ ಹತ್ತು ಬಗೆಯ ನಾಣ್ಯದ ಗುರುತು ಬೇಕು. ಲೊಸಾನ್ ಪಟ್ಟಣದ ಊಶಿ ದಂಡೆಯಲ್ಲಿ ಬೋ ರಿವಾಜ್ ಹೋಟೆಲನ್ನು ನಡೆಸುತ್ತಿದ್ದ ಜಾಕ್ ಚೂಮಿ ಇದಕ್ಕೊಂದು ದಾರಿ ಕಂಡುಕೊಂಡ. 1893ರಲ್ಲಿ ಅದೇ ದಂಡೆಯ ಆಂಗ್ಲೆಟೆರ್ ಹೋಟೆಲಿನಲ್ಲಿ ತರಗತಿ ಆರಂಭವಾಯಿತು. ಜಗತ್ತಿನ ಮೊದಲ ಹೋಟೆಲು ಶಾಲೆ ಎಂದು ಹೆಸರಾದದ್ದು ಅದೇ.

ಅಲ್ಲಿ ಕಲಿಸಿದ್ದು ಕಸುಬನ್ನು. ಅರ್ಥಶಾಸ್ತ್ರ ಇನ್ನೂ ಒಳಗೆ ಬಂದಿರಲಿಲ್ಲ. ಪ್ರವಾಸಿಗರ ಓಡಾಟವನ್ನು ಒಂದು ಆರ್ಥಿಕ ಸಂಗತಿಯಾಗಿ ನೋಡಿದವರಲ್ಲಿ ಆಸ್ಟ್ರಿಯಾದ ಹೆರ್ಮನ್ ಫೋನ್ ಶುಲ್ಲರ್ನ್ ಮೊದಲಿಗರ ಸಾಲಿಗೆ ಸೇರುತ್ತಾರೆ. 1910ರಲ್ಲಿ ಅವರು ಅದಕ್ಕೊಂದು ವ್ಯಾಖ್ಯೆ ಕೊಟ್ಟರು. ಆಗ ಜರ್ಮನ್ ಭಾಷೆಯಲ್ಲಿ ಬಳಕೆಯಲ್ಲಿದ್ದ ಪದ ‘ಫ್ರೆಮ್ಡನ್‌ಫರ್ಕೇರ್’. ಪರಸ್ಥಳದವರ ಓಡಾಟ ಎಂಬುದು ಅದರ ನೇರ ಅರ್ಥ. ಯಾತ್ರೆ, ಪ್ರವಾಸ ಎಂಬ ನಮ್ಮ ಮಾತುಗಳು ಹೊರಟವನ ಕಡೆಯಿಂದ ನೋಡುತ್ತವೆ. ಆ ಜರ್ಮನ್ ಪದ ನೋಡುವುದು ಬಂದವರನ್ನು ಎದುರುಗೊಳ್ಳುವವನ ಜಗಲಿಯಿಂದ. ಈ ಶಾಸ್ತ್ರ ಮೊದಲು ಆತಿಥೇಯರ ಲೆಕ್ಕವಾಗಿ ಬೆಳೆಯಿತೆಂಬುದಕ್ಕೆ ಆ ಪದವೇ ಸಾಕ್ಷಿ. 1928ರಲ್ಲಿ ಇಟಲಿಯ ಆಂಜೆಲೊ ಮಾರಿಯೊಟ್ಟಿ ಪ್ರವಾಸದ ಅರ್ಥಶಾಸ್ತ್ರದ ಮೇಲಿನ ತಮ್ಮ ಪಾಠಗಳನ್ನು ಪುಸ್ತಕವಾಗಿ ತಂದರು. ಮರುವರ್ಷ ಬರ್ಲಿನ್ನಿನ ವಾಣಿಜ್ಯ ಕಾಲೇಜಿನಲ್ಲಿ ರಾಬರ್ಟ್ ಗ್ಲುಕ್ಸ್‌ಮನ್ ಒಂದು ಸಂಶೋಧನಾ ಸಂಸ್ಥೆ ತೆರೆದರು. ನಾಜಿಗಳ ಆಳ್ವಿಕೆ ಬಂದ ಮೇಲೆ ಅದು ಉಳಿಯಲಿಲ್ಲ. ಅವರ ಮುಖ್ಯ ಗ್ರಂಥ 1935ರಲ್ಲಿ ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ವಿದ್ಯೆಯ ಕೇಂದ್ರವೂ ಅದೇ ದಿಕ್ಕಿಗೆ ಸರಿಯಿತು.

ಈ ವಿದ್ಯೆಯನ್ನು ಸ್ವಿಟ್ಜರ್ಲೆಂಡಿನಲ್ಲಿ ಬೇರೂರಿಸಿದ್ದು ಪ್ರವಾಸಿಗರ ದಟ್ಟಣೆಯಲ್ಲ, ಅವರು ಬಾರದೆ ಹೋದ ವರ್ಷಗಳು. ಮೊದಲ ಮಹಾಯುದ್ಧದಲ್ಲಿ ಅತಿಥಿಗಳಿಲ್ಲದೆ ಸ್ವಿಸ್ ಹೋಟೆಲುಗಳು ಸಾಲದಲ್ಲಿ ಮುಳುಗಿದಾಗ, ಅಗತ್ಯವನ್ನು ತೋರಿಸದೆ ಹೊಸ ಹೋಟೆಲು ಕಟ್ಟಬಾರದೆಂದು ಸರ್ಕಾರ 1915ರಲ್ಲಿ ಕಟ್ಟಪ್ಪಣೆ ಮಾಡಿತು. 1931ರಲ್ಲಿ ಬ್ರಿಟನ್ ತನ್ನ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ‘ಚಿನ್ನದ ಪ್ರಮಾಣ’ವನ್ನು ಕೈಬಿಟ್ಟಿತು. ಪೌಂಡು ಅಗ್ಗವಾಯಿತು, ಫ್ರಾಂಕು ತುಟ್ಟಿಯಾಗಿಯೇ ಉಳಿಯಿತು. ಕೋಣೆಯ ಬಾಡಿಗೆಯನ್ನು ಮಾಲೀಕ ಒಂದು ಫ್ರಾಂಕೂ ಏರಿಸದಿದ್ದರೂ ಲಂಡನ್ನಿನ ಅತಿಥಿಗೆ ಅದೇ ಹಾಸಿಗೆ ಒಮ್ಮೆಲೇ ದುಬಾರಿಯಾಯಿತು. 1936ರಲ್ಲಿ ಫ್ರಾಂಕಿನ ಬೆಲೆಯನ್ನು ಸುಮಾರು 30 ಪ್ರತಿಶತ ಇಳಿಸುವವರೆಗೂ ಈ ಸಂಕಟ ತೀರಲಿಲ್ಲ. ವಿನಿಮಯ ದರಕ್ಕೂ ಪ್ರವಾಸದ ಬೇಡಿಕೆಗೂ ಇರುವ ನಂಟನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಹೋಟೆಲುಗಳಲ್ಲಿ ತಂಗಿದ ರಾತ್ರಿಗಳನ್ನು ದೇಶದಾದ್ಯಂತ ಎಣಿಸುವ ಸ್ವಿಸ್ ಅಂಕಿಅಂಶ ವ್ಯವಸ್ಥೆ 1934ರಲ್ಲಿ ಆರಂಭವಾದದ್ದೂ ಈ ಸಂಕಟದ ನಡುವೆಯೇ.

1941ರಲ್ಲಿ ಯುರೋಪು ಮತ್ತೆ ಯುದ್ಧದಲ್ಲಿತ್ತು. ಗಡಿಗಳು ಮುಚ್ಚಿದ್ದವು, ಕೋಣೆಗಳು ಬರಿದಾಗಿದ್ದವು. ಆ ವರ್ಷವೇ ಸೇಂಟ್ ಗ್ಯಾಲನ್ನಿನ ವಾಣಿಜ್ಯ ವಿದ್ಯಾಲಯದಲ್ಲೂ ಬರ್ನ್ ವಿಶ್ವವಿದ್ಯಾಲಯದಲ್ಲೂ ಪ್ರವಾಸೋದ್ಯಮದ ಅಧ್ಯಯನ ಸಂಸ್ಥೆಗಳು ತೆರೆದವು. ಒಂದಕ್ಕೆ ವಾಲ್ಟರ್ ಹುನ್ಸಿಕರ್, ಇನ್ನೊಂದಕ್ಕೆ ಕುರ್ಟ್ ಕ್ರಾಫ್ ಆಧಾರವಾದರು. ಮರುವರ್ಷ ಇಬ್ಬರೂ ಸೇರಿ ಬರೆದ ಗ್ರಂಥದ ವ್ಯಾಖ್ಯೆ ದಶಕಗಳ ಕಾಲ ಬಳಕೆಯಲ್ಲಿತ್ತು: ಪರಸ್ಥಳದವರ ಪ್ರಯಾಣ ಮತ್ತು ತಂಗುವಿಕೆಯಿಂದ ಹುಟ್ಟುವ ಎಲ್ಲ ಸಂಬಂಧಗಳ ಮೊತ್ತವೇ ಪ್ರವಾಸೋದ್ಯಮ, ಆದರೆ ಆ ತಂಗುವಿಕೆ ಕಾಯಂ ವಾಸವಾಗಬಾರದು, ಸಂಪಾದನೆಗೆ ಕಟ್ಟಿಕೊಂಡಿರಬಾರದು. ಮುಂದೆ ಎಷ್ಟೋ ತಿದ್ದುಪಡಿಗಳಾದರೂ ಈ ಎರಡು ಎಲ್ಲೆಗಳ ಸುತ್ತಲೇ ಚರ್ಚೆ ನಡೆಯಿತು. 1951ರಲ್ಲಿ ಇವರಿಬ್ಬರ ಮುಂದಾಳತ್ವದಲ್ಲಿ ಪ್ರವಾಸೋದ್ಯಮ ವಿದ್ವಾಂಸರ ಅಂತರರಾಷ್ಟ್ರೀಯ ಸಂಘ ಹುಟ್ಟಿತು.

ಬೇರೆ ದೇಶಗಳ ಹುಡುಗ ಹುಡುಗಿಯರನ್ನೇ ಕಣ್ಣಮುಂದಿಟ್ಟುಕೊಂಡ ಶಾಲೆಯನ್ನು 1962ರಲ್ಲಿ ಆರಂಭಿಸಿದವರಲ್ಲಿ ಹುನ್ಸಿಕರ್ ಒಬ್ಬರು. ಮೋಂಟ್ರೊ ಪಟ್ಟಣದ ಮೇಲಿನ ಗ್ಲಿಯೋನಿನಲ್ಲಿದ್ದ ಹಳೆಯ ಬೆಲ್‌ವ್ಯೂ ಹೋಟೆಲಿನಲ್ಲಿ ಫ್ರೆಡೆರಿಕ್ ಟಿಸ್ಸೊ ಜೊತೆಗೂಡಿ ಅವರು ಅದನ್ನು ತೆರೆದರು. ಹಿಂದೆ ಸಿರಿವಂತ ಅತಿಥಿಗಳು ಇಳಿದುಕೊಳ್ಳುತ್ತಿದ್ದ ಕೋಣೆಗಳಿಗೆ ಈಗ ಪರದೇಶದ ವಿದ್ಯಾರ್ಥಿಗಳು ಬಂದರು. ಸ್ವಿಟ್ಜರ್ಲೆಂಡಿನ ಬೇರೆ ಕೆಲವು ಹಳೆಯ ಅರಮನೆ ಹೋಟೆಲುಗಳೂ ಮುಂದೆ ಇದೇ ರೀತಿ ಶಾಲೆಗಳಾದವು.

ಪದವಿಯ ದಾರಿ ಮಾತ್ರ ದೇಶದಿಂದ ದೇಶಕ್ಕೆ ಬೇರೆಯಾಗಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1922ರಲ್ಲೇ ಹೋಟೆಲು ಆಡಳಿತವನ್ನು ಪದವಿ ವಿಷಯವನ್ನಾಗಿಸಿತ್ತು. ಬ್ರಿಟನ್ನಿನಲ್ಲಿ ಪ್ರವಾಸೋದ್ಯಮ 1972ರಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಬಂತು. ಮೊದಲ ಪದವಿ ತರಗತಿಗಳಿಗೆ 1986ರ ತನಕ ಕಾಯಬೇಕಾಯಿತು. ಸ್ಪೇನ್ ತನ್ನ ಪ್ರವಾಸೋದ್ಯಮ ಶಿಕ್ಷಣವನ್ನು 1996ರಲ್ಲಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ತಂದಿತು. ಭಾರತದಲ್ಲಿ ಮುಂಬಯಿಯ ಹೋಟೆಲು ಶಿಕ್ಷಣ ಸಂಸ್ಥೆ 1954ರದು. ಕರ್ನಾಟಕದಲ್ಲಿ 1980ರ ದಶಕದಲ್ಲಿ ಮಣಿಪಾಲದಲ್ಲಿ ಹೋಟೆಲು ಆಡಳಿತದ ಪದವಿ ಕಾಲೇಜು ಬಂತು. ಉಡುಪಿಯ ಹೋಟೆಲುಗಳು ಮುಂಬಯಿ, ಮದರಾಸುಗಳಿಗೆ ಹೋಗಿ ನೆಲೆಸಿ ಅದಾಗಲೇ ಹಲವು ದಶಕಗಳು ಕಳೆದಿದ್ದವು; ಅದೇ ಸೀಮೆಯಲ್ಲಿ ಕಸುಬು ಪದವಿಯ ರೂಪ ತಾಳಿದ್ದು ಆಗ. 1999ರ ಬೊಲೋನ್ಯಾ ಘೋಷಣೆ ಯುರೋಪಿನ ಪದವಿಗಳನ್ನು ಒಂದೇ ಚೌಕಟ್ಟಿಗೆ ತರಲು ಹೊರಟಿತು. ವರ್ಷಕ್ಕೆ 60 ಕ್ರೆಡಿಟ್‌ಗಳ ಲೆಕ್ಕ ಎಲ್ಲೆಡೆ ನಡೆಯತೊಡಗಿತು. ಇಂಗ್ಲಿಷಿನಲ್ಲಿ ಕಲಿಸುವ ತರಗತಿಗಳು ಹೆಚ್ಚಿದವು. ಜರ್ಮನ್ ಅಥವಾ ಇಟಾಲಿಯನ್ ಬಾರದ ವಿದ್ಯಾರ್ಥಿಗೂ ಈ ವಿಷಯದ ಬಾಗಿಲು ತೆರೆಯಿತು.

ತರಗತಿಯ ಒಳಗೆ ಕಲಿಸುವುದರ ತಿರುಳನ್ನು ಒಂದು ಉಪಾಹಾರದ ಮೇಜಿನಿಂದಲೇ ಹೇಳಬಹುದು. ಬೆಟ್ಟದ ಊರಿನ ಹೋಟೆಲಿನಲ್ಲಿ ಹಾಲು, ಚೀಸು, ಬ್ರೆಡ್ಡು ಸುತ್ತಮುತ್ತಲಿಂದ ಬರುತ್ತವೆ. ಅವಕ್ಕೆ ಕೊಟ್ಟ ಹಣ ರೈತನ, ಬೇಕರಿಯವನ ಕೈ ಸೇರಿ ಅದೇ ಊರಿನಲ್ಲಿ ಮತ್ತೆ ಖರ್ಚಾಗುತ್ತದೆ. ಇದು ಗುಣಕ ಪರಿಣಾಮ. ಕಾಫಿ ಬೀಜ, ಕಿತ್ತಳೆ ಹಣ್ಣು ಹೊರದೇಶದವು. ಅವುಗಳ ಬೆಲೆ ಗಡಿ ದಾಟಿ ಸೋರಿಹೋಗುತ್ತದೆ. ಇಂದು ಮಾರಾಟವಾಗದ ಕೋಣೆಯನ್ನು ನಾಳೆಗೆ ಕಾದಿಡಲಾಗುವುದಿಲ್ಲ ಎಂಬುದು ಇನ್ನೊಂದು ಮುಖ್ಯ ಪಾಠ. ಋತುಮಾನಕ್ಕೆ ತಕ್ಕಂತೆ ದರ ಏರಿಳಿಯುವುದಕ್ಕೆ ಕಾರಣ ಅದೇ. ಒಂದು ಪ್ರವಾಸಿ ತಾಣ ಹುಟ್ಟಿ, ಬೆಳೆದು, ದಣಿಯುವ ಬಗೆಯನ್ನು ರಿಚರ್ಡ್ ಬಟ್ಲರ್ 1980ರಲ್ಲಿ ಒಂದು ವಕ್ರರೇಖೆಯಲ್ಲಿ ತೋರಿಸಿದರು. ಪ್ರವಾಸೋದ್ಯಮದ ಪಾಲನ್ನು ರಾಷ್ಟ್ರೀಯ ಲೆಕ್ಕದಲ್ಲಿ ಬೇರ್ಪಡಿಸಿ ತೋರಿಸುವ ಪದ್ಧತಿಗೆ ವಿಶ್ವಸಂಸ್ಥೆಯ ಒಪ್ಪಿಗೆ ದೊರೆತದ್ದು 2000ದಲ್ಲಿ.

ಈ ಲೆಕ್ಕದಲ್ಲಿ ವಿದೇಶಿ ವಿದ್ಯಾರ್ಥಿಯೂ ಒಂದು ಅಂಕಿ. ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಬಂದವನನ್ನು ಪ್ರವಾಸೋದ್ಯಮದ ಅಂಕಿಅಂಶ ಸಂದರ್ಶಕನೆಂದು ಎಣಿಸುತ್ತದೆ, ಮೂರು ವರ್ಷದ ಪದವಿಗೆ ಬಂದವನನ್ನು ಎಣಿಸುವುದಿಲ್ಲ. ದೇಶಗಳ ನಡುವಿನ ಪಾವತಿ ಲೆಕ್ಕದ ನಿಯಮ ಬೇರೆ. ಅಲ್ಲಿ ಅವನು ಎಷ್ಟು ವರ್ಷ ಇದ್ದರೂ ತವರು ದೇಶದ ನಿವಾಸಿಯೇ. ಅವನು ಕಟ್ಟುವ ಶುಲ್ಕ, ಕೋಣೆಯ ಬಾಡಿಗೆ, ಊಟದ ಖರ್ಚು ಎಲ್ಲವೂ ‘ಪ್ರಯಾಣ’ ಎಂಬ ತಲೆಬರಹದಡಿ ಆತಿಥೇಯ ದೇಶದ ರಫ್ತಾಗಿ ದಾಖಲಾಗುತ್ತವೆ. ಹುನ್ಸಿಕರ್ ಮತ್ತು ಕ್ರಾಫ್ 1942ರಲ್ಲಿ ಎಳೆದ ಗೆರೆ ಇಂದಿಗೂ ವಿದ್ಯಾರ್ಥಿಯ ಮೈಮೇಲೆಯೇ ಹಾದುಹೋಗುತ್ತದೆ.

ಸಂಕಟದ ನಡುವೆ 1934ರಲ್ಲಿ ಆರಂಭವಾದ ಸ್ವಿಸ್ ಹೋಟೆಲುಗಳ ಅಂಕಿಅಂಶ ಪಟ್ಟಿಯನ್ನು ಇಂದು ಬಿಡಿಸಿದವರಿಗೆ 2004ರ ಸಾಲು ಖಾಲಿ ಕಾಣುತ್ತದೆ. ಖರ್ಚು ಕಡಿತದ ಕಾರಣ 2003ರ ಕೊನೆಗೆ ಎಣಿಕೆ ನಿಂತು, ಹೊಸ ರೂಪದಲ್ಲಿ ಅದು ಮರಳಿದ್ದು 2005ರಲ್ಲಿ. 2020ರ ಸಾಲು ಖಾಲಿಯಿಲ್ಲ: 2019ರಲ್ಲಿ 3.96 ಕೋಟಿಯಿದ್ದ ತಂಗಿದ ರಾತ್ರಿಗಳು ಕೊರೊನಾ ವರ್ಷದಲ್ಲಿ 2.37 ಕೋಟಿಗೆ ಇಳಿದವೆಂದು ಅದು ಹೇಳುತ್ತದೆ.