ಮಣ್ಣಾಳಿನಿಂದ ಲೈನಿನವರೆಗೆ

ಬಾಳೂರು ಸೀಮೆಯ ಕಾಫಿ ಚರಿತ್ರೆ ಅಂದರೆ ಸಾಕು, ಬಾಬಾಬುಡನ್ ತಂದ ಏಳು ಬೀಜದ ಕತೆ ಶುರುವಾಗುತ್ತದೆ. ಆಮೇಲೆ ಬಿಳಿ ದೊರೆಗಳು, ಅವರ ಬಂಗಲೆ, ಅವರ ಬೇಟೆ. ಕಾಡು ಕಡಿದವರು ಯಾರು, ಗುಂಡಿ ತೋಡಿದವರು ಯಾರು, ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಕಳೆ ಕಿತ್ತವರು ಯಾರು ಅಂತ ಕೇಳಿದರೆ, 'ಕೂಲಿಯಾಳುಗಳು' ಅಂದು ಚರಿತ್ರೆಕಾರರು ಮುಂದಕ್ಕೆ ಹೋಗಿಬಿಡುತ್ತಾರೆ. ನಾವು ನಿಲ್ಲಬೇಕಾದದ್ದು ಆ ಒಂದು ಪದದ ಹತ್ತಿರ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅರಸರಿಂದ ಕಿತ್ತುಕೊಂಡರು. 1840ರ ಸುಮಾರಿಗೆ ಕ್ಯಾನನ್ ಎಂಬ ದೊರೆ ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ತೋಟ ಮಾಡಿದ. 1843ರಲ್ಲಿ ಗ್ರೀನ್ ಎಂಬವನು ಮಂಜರಾಬಾದಿನ ಐಗೂರಿನ ಹತ್ತಿರ ಶುರುಮಾಡಿದ. ಅಲ್ಲಿಂದ ಮಲೆನಾಡಿನ ಕಾಡು ಒಂದೊಂದಾಗಿ ತೋಟವಾಯಿತು. ತೋಟಕ್ಕೆ ಭೂಮಿ ಸರ್ಕಾರ ಕೊಟ್ಟಿತು. ಆಳು ಕೊಟ್ಟವರು ಯಾರು?

ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ತೆಗೆದು ನೋಡಿ. ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆ ಅನ್ನುತ್ತದೆ: ಹುಟ್ಟಾಳು, ಮಣ್ಣಾಳು. ಧಣಿಯ ಮನೆಯಲ್ಲೇ ಹುಟ್ಟಿ ಆ ಮನೆಗೇ ದುಡಿಯುವವನು ಹುಟ್ಟಾಳು. ಜಮೀನು ಮಾರಿದರೆ ಜಮೀನಿನ ಜೊತೆಗೇ ಕೈ ಬದಲಾಗುವವನು ಮಣ್ಣಾಳು. ಎತ್ತು, ನೇಗಿಲಿನ ಸಾಲಿಗೆ ನಮ್ಮ ಮುತ್ತಾತಂದಿರನ್ನೂ ಸೇರಿಸಿದ್ದರು. ಇಂಗ್ಲಿಷರು ಬರುವ ಮುಂಚಿನ ನಮ್ಮ ನಾಡು ಚಿನ್ನದ ನಾಡು ಅನ್ನುವವರು ಈ ಎರಡು ಪದ ಓದಿ ಮಾತಾಡಲಿ.

ಸರಿ, ಬ್ರಿಟಿಷರು ಬಿಡಿಸಿದರೇ? 1843ರ 5ನೇ ಕಾಯ್ದೆ ಗುಲಾಮಗಿರಿಗಿದ್ದ ಕಾನೂನಿನ ಬೆಂಬಲ ತೆಗೆದುಹಾಕಿತು, ನಿಜ. ಆದರೆ 16 ವರ್ಷದೊಳಗೆ ಇನ್ನೊಂದು ಹಗ್ಗ ಹೊಸೆದರು. ಕಲ್ಕತ್ತೆಯ ವ್ಯಾಪಾರಿಗಳ ಒತ್ತಾಯದಿಂದ ಬಂದದ್ದು 1859ರ 13ನೇ ಕಾಯ್ದೆ. ಮುಂಗಡ ತಗೊಂಡ ಆಳು ಕೆಲಸ ಬಿಟ್ಟರೆ ಧಣಿ ಮ್ಯಾಜಿಸ್ಟ್ರೇಟನಿಗೆ ದೂರು ಕೊಡಬಹುದು. ದುಡ್ಡು ವಾಪಸು ಕೊಡು, ಇಲ್ಲ ದುಡಿ. ಎರಡೂ ಆಗದಿದ್ದರೆ 3 ತಿಂಗಳವರೆಗೆ ಜೈಲು. ಮಾತಿಗೆ ತಪ್ಪಿದ ಆಳು ಅಪರಾಧಿ. ಮಾತಿಗೆ ತಪ್ಪಿದ ಧಣಿಗೆ ಈ ಕಾಯ್ದೆಯಲ್ಲಿ ಜೈಲಿಲ್ಲ. ದಕ್ಷಿಣದ ತೋಟದ ದೊರೆಗಳೂ ಇದನ್ನೇ ಹಿಡಿದುಕೊಂಡರು. ಮೇಸ್ತ್ರಿ ಮುಂಗಡ ಹಂಚಿ ಆಳು ತರುವುದು, ಬಾಕಿ ತೀರದೆ ಆಳು ಬಿಡಿಸಿಕೊಳ್ಳಲಾಗದಿರುವುದು ತೋಟದ ಪದ್ಧತಿಯೇ ಆಯಿತು. ಮಣ್ಣಿಗೆ ಕಟ್ಟಿದ್ದವನನ್ನು ಈಗ ಬಾಕಿಗೆ ಕಟ್ಟಿದರು, ಅಷ್ಟೆ.

ಬಿಳಿಯನಿಗೆ ಜಾತಿ ಇಲ್ಲವಲ್ಲ ಅಂತ ನಮ್ಮಲ್ಲೇ ಕೆಲವರು ಅನ್ನುತ್ತಾರೆ. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ತನ್ನ 38 ವರ್ಷದ ಅನುಭವವನ್ನು 1894ರಲ್ಲಿ ಪುಸ್ತಕ ಮಾಡಿದ. ಅದರ ಉದ್ದನೆಯ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿಯ ಜೊತೆಗೆ ಜಾತಿಯೂ ಇದೆ. ಜಾತಿಯ ಅಧ್ಯಾಯದಲ್ಲಿ ಅವನು ಜಾತಿಯ ಪರ ವಕೀಲಿಕೆ ಮಾಡುತ್ತಾನೆ. ಜಾತಿಯ ಕಟ್ಟುಪಾಡು ಕುಡಿತಕ್ಕೂ ನಡತೆಗೂ ಕಡಿವಾಣ ಅನ್ನೋದು ಅವನ ವಾದ. ಕಡಿವಾಣ ಯಾರ ಬಾಯಲ್ಲಿತ್ತು, ಹಗ್ಗ ಯಾರ ಕೈಯಲ್ಲಿತ್ತು? ಊರ ಧಣಿಗೂ ಬಂಗಲೆಯ ದೊರೆಗೂ ಭಾಷೆ ಬೇರೆ, ದೇವರು ಬೇರೆ. ಜಾತಿಯ ವಿಷಯದಲ್ಲಿ ಮಾತ್ರ ಒಡಂಬಡಿಕೆ ಇತ್ತು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ ಬಾಬಾಸಾಹೇಬರು ದೊರೆಗಳ ಮುಖಕ್ಕೇ ಕೇಳಿದ್ದು ಇದನ್ನೇ: ನೀವು ಬರುವ ಮುಂಚೆ ನಮಗೆ ಊರ ಬಾವಿ ಇರಲಿಲ್ಲ, ನೀವು ಬಂದ ಮೇಲಾದರೂ ಸಿಕ್ಕಿತೇ?

1859ರ ಕಾಯ್ದೆಯನ್ನು 1925ರಲ್ಲಿ ರದ್ದು ಮಾಡಿದರು. ದೊರೆಗಳು ಹೋದರು, ತೋಟಗಳನ್ನು ನಮ್ಮ ನಾಡಿನ ಧಣಿಗಳು ಕೊಂಡರು. 1951ರ ತೋಟ ಕಾರ್ಮಿಕರ ಕಾಯ್ದೆ ಆಳಿಗೆ ಮನೆ ಕೊಡಬೇಕು ಅಂದಿತು. ಆದರೆ ಲೈನಿನ ಮನೆ ಕೆಲಸದ ಬಾಲ. ಮೂರು ತಲೆಮಾರು ದುಡಿದವರಿಗೂ ಕೆಲಸ ಮುಗಿದ ದಿನ ಕಾಲಡಿಯ ನೆಲ ತಮ್ಮದಲ್ಲ.

ಅದಕ್ಕೇ ಈ ಸಂಶೋಧನೆ ನಮಗೆ ಡಿಗ್ರಿಯ ಕೆಲಸವಲ್ಲ. ನಮ್ಮ ಮನೆಗಳಲ್ಲಿ ಇಂಗ್ಲಿಷ್ ಓದಿದ ಮೊದಲ ತಲೆ ನಾವು. ದೊರೆಗಳ ಪುಸ್ತಕ, ಗೆಜೆಟಿಯರ್, ಹಳೆ ಚೆಕ್‌ರೋಲು, ಕೋರ್ಟಿನ ಕಡತ ಎಲ್ಲವನ್ನೂ ನಾವೇ ಓದಬೇಕು. ಓದಿದ್ದನ್ನು ಲೈನಿನ ಮುದುಕಿಯರ ಎದುರು ಕೂತು ಹೇಳಬೇಕು, ಅವರು ತಿದ್ದಿದ್ದನ್ನು ಬರೆದುಕೊಳ್ಳಬೇಕು. ನಾಳೆ ನಿವೇಶನಕ್ಕೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋದಾಗ 'ಎಷ್ಟು ವರ್ಷದಿಂದ ಇಲ್ಲಿದ್ದೀರಿ?' ಅಂತ ಕೇಳುತ್ತಾರೆ. ಆಗ ನಮ್ಮ ಕೈಯಲ್ಲಿ ಉತ್ತರ ಇರಬೇಕು, ಇಸವಿ ಸಮೇತ.