ಸರ್ಪಗಂಧದ ಬೇರೂ ಕಾಣದ ಮೂಷಿಕನೂ

ಹೊನ್ನಾವರಕ್ಕೆ ದಕ್ಷಿಣದಲ್ಲಿರುವ ಇಡಗುಂಜಿಯಲ್ಲಿ ಪದ್ಮವನ್ನೂ ಮೋದಕವನ್ನೂ ಹಿಡಿದು ನಿಂತ ದ್ವಿಭುಜ ಗಣಪತಿಯ ಬಳಿ ವಾಹನವಾದ ಮೂಷಿಕನು ಕಾಣಿಸನು. ಇಲ್ಲಿನ ಕುಂಜವನದಲ್ಲಿ ತಪಸ್ಸಿಗೆ ಕುಳಿತ ವಾಲಖಿಲ್ಯ ಋಷಿಗಳು ವಿಘ್ನಪರಂಪರೆಯಿಂದ ಕಳವಳಗೊಂಡಿರಲು, ನಾರದರ ಪ್ರಾರ್ಥನೆಯಂತೆ ಗಣಪತಿಯು ಇಲ್ಲಿಗೆ ಬಂದು ನೆಲಸಿದನೆಂದು ಸ್ಥಳಪುರಾಣವು ಹೇಳುತ್ತದೆ. ಚಿತ್ತಕ್ಷೋಭೆಯ ಶಮನಕ್ಕೆ ದೈವವನ್ನು ಮೊರೆಹೊಕ್ಕ ಈ ಸೀಮೆಯ ಬೆನ್ನಿಗಿರುವ ಘಟ್ಟದ ಕಾಡುಗಳಲ್ಲಿ ಸರ್ಪಗಂಧವೆಂಬ ಗಿಡವು ಬೆಳೆಯುತ್ತದೆ. ಅದರ ಬೇರಿನ ಚರಿತ್ರೆಯು ಆ ಕಾಣದ ಮೂಷಿಕನ ಬಳಿಗೇ ನಮ್ಮನ್ನು ಕರೆದೊಯ್ಯುತ್ತದೆ.

ಹಾವಿನ ವಿಷಕ್ಕೂ ಬುದ್ಧಿಭ್ರಮೆಗೂ ನಾಟಿವೈದ್ಯರು ಅರೆದು ಕೊಡುತ್ತಿದ್ದ ಈ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುವುದೆಂದು ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ 1931ರಲ್ಲಿ ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನವು ಅದರ ಕೀರ್ತಿಯನ್ನು ಪಶ್ಚಿಮಕ್ಕೆ ಮುಟ್ಟಿಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಪ್ರಯೋಗಶಾಲೆಯು ಅದರ ಸತ್ವವಾದ ರಿಸರ್ಪಿನ್ ಎಂಬುದನ್ನು ಬೇರ್ಪಡಿಸಿತು. ಆದರೆ ಶಾಂತಿಯನ್ನು ತರುವ ಆ ಮದ್ದನ್ನು ಸೇವಿಸಿದವರಲ್ಲಿ ಕೆಲವರು ಖಿನ್ನರಾದರೆಂಬ ವರದಿಗಳೂ ಬಂದವು. ಅದು ನರಸಂದೇಶವಾಹಕವಾದ ಸೆರೊಟೋನಿನ್ನಿನ ಶರೀರದಲ್ಲಿರುವ ಸಂಗ್ರಹವನ್ನು ಬರಿದುಮಾಡುವುದೆಂದು 1955ರಲ್ಲಿ ಅಮೆರಿಕದ ಬ್ರೋಡಿ ಮತ್ತು ಸಂಗಡಿಗರು ಕಂಡುಕೊಂಡರು. ರಿಸರ್ಪಿನ್ ಪಡೆದ ಇಲಿಯು ರೆಪ್ಪೆ ಜೋತು, ಮೈ ತಣ್ಣಗಾಗಿ, ಇದ್ದಲ್ಲೇ ಮುದುಡುವುದು. 1957ರಲ್ಲಿ ರೋಲಂಡ್ ಕೂನ್ ಲೋಕಕ್ಕೆ ತಿಳಿಸಿದ ಖಿನ್ನತಾನಿವಾರಕವಾದ ಇಮಿಪ್ರಮಿನ್ನನ್ನು ಮೊದಲೇ ಕೊಟ್ಟಿದ್ದರೆ ಆ ಲಕ್ಷಣಗಳು ತಗ್ಗುವುವು. ಹೀಗೆ, ಕೆಡುಕುಮಾಡಿದ ಮದ್ದೇ ಒಳಿತಿನ ಮದ್ದನ್ನು ಪರೀಕ್ಷಿಸುವ ಒರೆಗಲ್ಲಾಯಿತು.

ಬಳಿಕ ವಿದ್ವಾಂಸರ ದೃಷ್ಟಿಯು ಮಾನಸಿಕ ಒತ್ತಡದ ಕಡೆಗೂ ತಿರುಗಿತು. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಮಿಸುಕದಂತೆ ಬಂಧಿಸಿದರೆ, ಸ್ಮೃತಿಗೆ ಆಧಾರವಾದ ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗುವುವೆಂದೂ, ಭಯಕ್ಕೆ ನೆಲೆಯಾದ ಅಮಿಗ್ಡಲದಲ್ಲಿ ಅವು ಹಬ್ಬುವುವೆಂದೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು 2002ರಲ್ಲಿ ತೋರಿಸಿದರು. ಖಿನ್ನತಾನಿವಾರಕಗಳನ್ನು ವಾರಗಟ್ಟಲೆ ಕೊಟ್ಟಾಗ ಒತ್ತಡದ ಹಾರ್ಮೋನಿನ ಏರಿಕೆಯು ಮಿತಿಗೆ ಬರುವುದನ್ನು ಹಲವು ದೇಶಗಳ ಪ್ರಯೋಗಗಳು ಕಂಡಿವೆ. ಬೆಂಗಳೂರಿನದೇ ಆದ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಹಸುಗೂಸಾಗಿದ್ದಾಗ ಕ್ಲೊಮಿಪ್ರಮಿನ್ ಪಡೆದು ಬೆಳೆದ ಮೇಲೆ ಖಿನ್ನವಾದ ಇಲಿಗಳು ಎಸಿಟಲೊಪ್ರಾಮ್ ಎಂಬ ಖಿನ್ನತಾನಿವಾರಕದಿಂದ ಕಲಿಯುವ ಶಕ್ತಿಯನ್ನು ಮರಳಿ ಪಡೆದುವೆಂಬ ವಿವರವು 2011ರಲ್ಲಿ ಹೊರಬಂದಿತು. ಕ್ಲೊಮಿಪ್ರಮಿನ್ ಸಹ ಖಿನ್ನತೆಗೆ ಕೊಡುವ ಮದ್ದೇ. ಸರ್ಪಗಂಧದ ಕಥೆಯೇ ಇಲ್ಲಿ ಮರುಕಳಿಸಿತು.

ಇಲಿಯ ನಿಶ್ಚಲತೆಯು ಮನುಷ್ಯನ ದುಃಖಕ್ಕೆ ಸಮವೇ ಎಂಬ ವಿವಾದವು ಇಂದಿಗೂ ಮುಗಿದಿಲ್ಲ. ಆದರೂ ಇಡಗುಂಜಿಯಲ್ಲಿ ಸ್ವಾಮಿಯ ಭಾರದಿಂದ ಬಿಡುಗಡೆ ಪಡೆದ ಮೂಷಿಕನು, ಘಟ್ಟವನ್ನು ಹತ್ತಿ ಹೋದಲ್ಲಿ, ನಮ್ಮ ಮನೋವ್ಯಥೆಯ ಭಾರವನ್ನು ಹೊರುತ್ತಿರುವನು.