ಬಾರ್ಸಿಲೋನದಲ್ಲಿ ರಿಸಾಲನ ಮೊದಲ ದಿನಗಳು

1882ನೆಯ ಇಸವಿ ಜೂನ್ 16ರಂದು ಸ್ಪೇನ್ ದೇಶದ ಬಾರ್ಸಿಲೋನ ಪಟ್ಟಣಕ್ಕೆ ರೈಲಿನಲ್ಲಿ ಬಂದಿಳಿದ ಒಬ್ಬ ತರುಣನಿಗೆ ಇಪ್ಪತ್ತೊಂದು ವರ್ಷ ತುಂಬಲು ಇನ್ನು ಮೂರೇ ದಿನಗಳಿದ್ದವು. ಆತನೇ ಫಿಲಿಪೈನ್ ದ್ವೀಪಗಳ ಕಲಂಬ ಊರಿನ ಹೋಸೆ ರಿಸಾಲ್. ಆ ದ್ವೀಪಗಳು ಸ್ಪೇನಿನ ಅಧೀನಕ್ಕೆ ಬಂದು ಆಗಲೇ ಮುನ್ನೂರು ವರ್ಷಗಳು ಮೀರಿದ್ದವು. ಆಳುವವರ ಭಾಷೆಯನ್ನು ಆತನು ಮನಿಲಾದ ಜೆಸುಯಿಟ್ ಪಾದ್ರಿಗಳ ಪಾಠಶಾಲೆಯಲ್ಲಿ ಕಲಿತು, ಅದರಲ್ಲಿ ಕವನಗಳನ್ನು ರಚಿಸಿ ಬಹುಮಾನವನ್ನೂ ಪಡೆದಿದ್ದನು. ಆದುದರಿಂದ ಪರದೇಶಕ್ಕೆ ಹೋದ ವಿದ್ಯಾರ್ಥಿಯನ್ನು ಮೊದಲು ಕಾಡುವ ಭಾಷೆಯ ತೊಡಕು ಸ್ಪೇನಿನಲ್ಲಿ ಆತನಿಗಿರಲಿಲ್ಲ. ಒದಗಿದ ಸಂಕಟವು ಬೇರೆ ತೆರನಾದುದು.

ಆತನು ಹೊರಟುದೇ ಗುಟ್ಟಾಗಿ. ಮನಿಲಾದ ಸಾಂತೊ ತೊಮಾಸ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ವೈದ್ಯವನ್ನು ಓದಿದ್ದರೂ ಅಲ್ಲಿಯ ಬೋಧನಕ್ರಮವು ಆತನಿಗೆ ರುಚಿಸಲಿಲ್ಲ. ಹೆತ್ತವರಿಗೆ ತಿಳಿಸದೆ ಹಣವನ್ನೊದಗಿಸಿ ಕಳುಹಿಸಿದವನು ಅಣ್ಣನಾದ ಪಸಿಯಾನೊ. 1872ರಲ್ಲಿ ರಾಜದ್ರೋಹದ ಆರೋಪದ ಮೇಲೆ ಸರಕಾರವು ಮೂವರು ಪಾದ್ರಿಗಳನ್ನು ಕೊಲ್ಲಿಸಿತಷ್ಟೆ. ಅವರಲ್ಲೊಬ್ಬನಾದ ಬುರ್ಗೋಸನು ಈ ಪಸಿಯಾನೊವಿನ ಗುರು. ತಮ್ಮನ ಪ್ರಯಾಣದ ಉದ್ದೇಶವು ವೈದ್ಯಪದವಿಯೊಂದೇ ಆಗಿರಲಾರದೆಂಬುದನ್ನು ಇದರಿಂದಲೇ ಊಹಿಸಬಹುದು.

ಮೇ 3ರಂದು ಮನಿಲಾ ಬಿಟ್ಟ ರಿಸಾಲನು ಸಿಂಗಪುರದಲ್ಲಿ ಫ್ರೆಂಚರ ಹಡಗನ್ನು ಹತ್ತಿ, ಕೊಲಂಬೊ, ಏಡನ್, ಸುಯೆಜ್ ಕಾಲುವೆಗಳ ಮಾರ್ಗವಾಗಿ ಮಾರ್ಸೇಲ್ಸ್ ಬಂದರನ್ನು ಸೇರಿದನು. ಶಾಲೆಯಲ್ಲಿ ಕಲಿತ ಫ್ರೆಂಚು ಹಡಗಿನಲ್ಲಿ ಯಾರಿಗೂ ಅರ್ಥವಾಗದೆ, ಕೈಸನ್ನೆಯಿಂದಲೂ ಚಿತ್ರ ಬರೆದು ತೋರಿಸಿಯೂ ಕೆಲಸ ಸಾಗಿಸಬೇಕಾಯಿತಂತೆ!

ಬಾರ್ಸಿಲೋನವು ಮೊದಲ ನೋಟಕ್ಕೆ ಆತನಿಗೆ ಹಿಡಿಸಲಿಲ್ಲ. ತಂಗಿದ ಛತ್ರವು ಕೊಳಕು, ಅದಿದ್ದ ಬೀದಿಯು ಇಕ್ಕಟ್ಟು. ಜನರಲ್ಲಿಯೂ ಆದರ ಕಾಣಲಿಲ್ಲ. ಬಾಲ್ಯದಿಂದಲೂ ಮಾತೃಭೂಮಿಯೆಂದು ಯಾವುದರ ಮಹಿಮೆಯನ್ನು ಕೇಳಿ ಬೆಳೆದಿದ್ದನೋ ಆ ದೇಶದ ಬಾಗಿಲು ಇದು! ಹಲವು ದಿನಗಳು ಕಳೆದ ಮೇಲೆ ಅಭಿಪ್ರಾಯವು ತಿದ್ದಿಕೊಂಡಿತು. ಮರಗಳ ಸಾಲಿನ ನಡುವೆ ಹಾದುಹೋಗುವ ರಾಂಬ್ಲಾ ಬೀದಿಯ ಚೆಲುವು ಮನಸ್ಸನ್ನು ಸೆಳೆಯಿತು. ಮನಿಲಾದ ಹಳೆಯ ಸಹಪಾಠಿಗಳು ಕಾಫಿ ಹೋಟೆಲೊಂದರಲ್ಲಿ ಔತಣವಿತ್ತು ಆದರಿಸಿದರು. ಮನಿಲಾದಲ್ಲಿ ಪಿಸುಗುಟ್ಟಬೇಕಾಗಿದ್ದ ಮಾತುಗಳನ್ನು ಇಲ್ಲಿ ಗಟ್ಟಿಯಾಗಿಯೇ ಆಡಬಹುದಾಗಿದ್ದಿತು. ತನ್ನ ನಾಡಿಗೆ ಇಲ್ಲದ ಸ್ವಾತಂತ್ರ್ಯವು ಆಳುವವರ ನಾಡಿನಲ್ಲಿ ಸಾಮಾನ್ಯವಾಗಿದ್ದುದನ್ನು ಕಂಡವನಿಗೆ ಸಂತೋಷದೊಡನೆ ನೋವೂ ಆಗದಿರುವುದೆಂತು?

ಇದಕ್ಕಿಂತಲೂ ಆಳವಾಗಿ ನೆಟ್ಟ ಮುಳ್ಳು ಇನ್ನೊಂದು. ಯೂರೋಪಿನ ಬೀದಿಗಳಲ್ಲಿ ನಡೆವಾಗ ಜನರು ತನ್ನನ್ನು ಚೀಣನೆಂದೋ ಜಪಾನಿನವನೆಂದೋ ಕರೆಯುತ್ತಿದ್ದರೇ ಹೊರತು ಫಿಲಿಪೈನಿನವನೆಂದು ಯಾರೂ ಗುರುತಿಸಲಿಲ್ಲವೆಂದು ಆತನು ವ್ಯಥೆಪಟ್ಟು ಬರೆದಿದ್ದಾನೆ. ತೆರಿಗೆಯನ್ನು ತಪ್ಪದೆ ಎತ್ತುವವರಿಗೆ ತೆರುವವರ ಗುರುತೇ ಇಲ್ಲದಿದ್ದುದು ವಿಚಿತ್ರವಾದರೂ ಚರಿತ್ರೆಯಲ್ಲಿ ಅಪೂರ್ವವೇನಲ್ಲ.

ಬೇಸಗೆಯ ಆ ಬಿಡುವಿನಲ್ಲಿಯೇ ಆತನು ದೇಶಪ್ರೇಮವನ್ನು ಕುರಿತು ‘ಆಮೊರ್ ಪಾತ್ರಿಯೊ’ ಎಂಬ ಪ್ರಬಂಧವನ್ನು ಬರೆದು ಮನಿಲಾಕ್ಕೆ ಕಳುಹಿಸಿದನು. ‘ಲಾವೊಂಗ್ ಲಾನ್’ ಎಂಬ ಗುಪ್ತನಾಮದಿಂದ ಅದು ಆಗಸ್ಟ್ 20ರಂದು ‘ದಿಯಾರ್ಯೊಂಗ್ ತಗಾಲೊಗ್’ ಪತ್ರಿಕೆಯಲ್ಲಿ ಸ್ಪ್ಯಾನಿಷ್ ಮತ್ತು ತಗಾಲೊಗ್ ಎರಡು ಭಾಷೆಗಳಲ್ಲಿಯೂ ಅಚ್ಚಾಯಿತು. ಸ್ಪ್ಯಾನಿಷಿನಿಂದ ಅದನ್ನು ತಗಾಲೊಗಿಗೆ ತಿರುಗಿಸಿದವನು ಮಾರ್ಸೆಲೊ ದೆಲ್ ಪಿಲಾರ್. ಮುಂದೆ ಸ್ಪೇನಿನಲ್ಲಿಯೇ ನಿಂತು ಸುಧಾರಣೆಯ ಪತ್ರಿಕೆಯನ್ನು ನಡೆಸಿದವನೂ ಆತನೇ.

ವಿದ್ಯಾಭ್ಯಾಸಕ್ಕೆಂದು ಸಮುದ್ರವನ್ನು ದಾಟಿ ಬಂದವನು ಅದುವರೆಗೆ ಯಾವ ವಿದ್ಯಾಲಯದ ಬಾಗಿಲನ್ನೂ ಪ್ರವೇಶಿಸಿರಲಿಲ್ಲ. ಆತನು ಮ್ಯಾಡ್ರಿಡ್ ನಗರಕ್ಕೆ ಹೋಗಿ ಅಲ್ಲಿಯ ಕೇಂದ್ರ ವಿಶ್ವವಿದ್ಯಾಲಯದಲ್ಲಿ ವೈದ್ಯಕ್ಕೂ ತತ್ತ್ವಶಾಸ್ತ್ರ ಸಾಹಿತ್ಯಗಳಿಗೂ ಹೆಸರನ್ನು ಬರೆಯಿಸಿದುದು ನವೆಂಬರ್ 3ರಂದು.